ಅಕ್ಕನ ಠೇವಣಿಯ ವಿಚಾರವಾಗಿ ಶಿಫಾರಸು ಯಂತ್ರಕ್ಕೆ

ನನ್ನ ಮೊಬೈಲಿನೊಳಗೆ ಕುಳಿತು, ನಾನು ಏನನ್ನು ನೋಡಬೇಕೆಂದು ನನಗಿಂತ ಮೊದಲೇ ತೀರ್ಮಾನಿಸುವ ಶಿಫಾರಸು ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಆರೋಗ್ಯ ಕೊಂಚ ಕೆಟ್ಟಿದ್ದರೂ ಇಂದು ನನ್ನ ಚಹಾ ಆರುವಷ್ಟರಲ್ಲಿ ಹದಿನೇಳು ಹೂಡಿಕೆ ಸಲಹೆಗಳು ಬಂದು ಬೀಳುತ್ತಿರಲಿಲ್ಲ. ನಾನು ನೀರು ಶುದ್ಧೀಕರಣ ಘಟಕದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸೋಸುವ ತೊಟ್ಟಿಗಳನ್ನು ನೋಡಿಕೊಳ್ಳುವ ನೌಕರ. ತಮ್ಮಂಥ ದೊಡ್ಡವರಿಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಷಯ ನನ್ನ ಅಕ್ಕನದು. ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇರುವುದು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ, ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಮಾಡುವ ದೊಡ್ಡ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು. ಆ ಕೆಲಸಕ್ಕೆ ಕುರ್ಚಿ ಕೊಡುವುದಿಲ್ಲ. ಮಂಡಿಗಳು ಎರಡು ವರ್ಷದ ಹಿಂದೆಯೇ ಕೈಕೊಟ್ಟಿವೆ. ಅವಳ ಠೇವಣಿಯೊಂದು ಈ ತಿಂಗಳ ಹದಿನಾಲ್ಕಕ್ಕೆ ಮುಗಿಯುವುದಿತ್ತು. ಆ ಹಣವನ್ನು ತಿಂಗಳು ತಿಂಗಳು ಒಂದಿಷ್ಟು ಕೈಗೆ ಬರುವಂಥ ಕಡೆ ಇಟ್ಟು ಕೆಲಸ ಬಿಡಬೇಕೆಂಬುದು ಅವಳ ಆಸೆ. ಎಲ್ಲಿಡಬೇಕೆಂದು ಹುಡುಕುವ ಜವಾಬ್ದಾರಿ ನನಗೆ ಬಂತು. "ಊರಿಗೆಲ್ಲಾ ನೀರು ಸೋಸಿ ಕೊಡ್ತೀಯಲ್ಲ, ಇದನ್ನೂ ಒಂಚೂರು ಸೋಸಿ ಹೇಳು" ಎಂದಳು. ಠೇವಣಿ ಕಚೇರಿಯವರಿಗೂ ಅವಳು ನನ್ನ ಇಮೇಲನ್ನೇ ಕೊಟ್ಟಿದ್ದಳು.

ಆಗ ನಾನು ಮೊಬೈಲಿನಲ್ಲಿ ಒಂದೇ ಒಂದು ಸಲ, "ಠೇವಣಿ ಹಣ ಎಲ್ಲಿಟ್ಟರೆ ಒಳ್ಳೆಯದು" ಎಂದು ಕೇಳಿದೆ. ತಮ್ಮ ಔದಾರ್ಯವನ್ನು ಹೇಗೆ ಬಣ್ಣಿಸಲಿ. ಚಪ್ಪಲಿ ಅಂಗಡಿಯ ಗಾಜಿನತ್ತ ತಿರುಗಿ ನೋಡಿದವನನ್ನು ಒಳಗೆಳೆದು ನೂರು ಜೊತೆ ತೊಡಿಸಿ ನೋಡುವ ಅಂಗಡಿಯವನಿಗೂ ಇಷ್ಟು ಅಕ್ಕರೆ ಇರುವುದಿಲ್ಲ. ವಿಡಿಯೊಗಳಲ್ಲಿ ಕೆಂಪು ಟೈ ಕಟ್ಟಿ ಮಾತಾಡುವ ಮಹಾಶಯರೊಬ್ಬರನ್ನು ತಾವು ನನ್ನ ಬೆನ್ನಿಗೆ ಬಿಟ್ಟಿರಿ. ಅವರು ಸೋಮವಾರ ಮಾರುಕಟ್ಟೆ ಕುಸಿಯುತ್ತದೆಂದು ಕಣ್ಣೀರು ಹಾಕುತ್ತಾರೆ, ಶುಕ್ರವಾರ ಅದು ಏರಿದಾಗ ತಮ್ಮ ಮಾತು ಕೇಳಿದವರನ್ನೆಲ್ಲ ಅಭಿನಂದಿಸುತ್ತಾರೆ. ಈಜುಕೊಳದ ಪಕ್ಕ ಮಲಗಿ ತನ್ನ ಹಿಂದಿನ ಬಡತನವನ್ನು ನೆನೆಯುವ ಹೆಂಗಸು ಬಂದಳು. ಬಡ್ಡಿದರವನ್ನು ಕುಣಿದು ವಿವರಿಸುವ ಯುವಕನೂ ಬಂದ. ಎಲ್ಲರೂ ಒಂದೇ ಮಾತು ಹೇಳಿದರು: ತುರ್ತು, ಇಂದೇ ಕೊನೆಯ ದಿನ. ಮರುದಿನವೂ ಅದನ್ನೇ ಹೇಳಿದರು.

ನನಗೆ ತಲೆ ಚಿಟ್ಟು ಹಿಡಿಯಿತು. ಆದರೆ ಕಲಕಿದ ನೀರು ಕಂಡು ಹೆದರುವವನು ನಾನಲ್ಲ. ನಮ್ಮ ಘಟಕದಲ್ಲಿ ಮಾಡುವಂತೆ ಪ್ರತಿ ಸಲಹೆಯನ್ನೂ ಒಂದು ದಿನ ಅಲುಗಾಡಿಸದೆ ಬಿಟ್ಟು, ಆಮೇಲೂ ಅರ್ಥ ಉಳಿದಿದ್ದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇನ್ನೂರು ಸಲಹೆಗಳಲ್ಲಿ ಉಳಿದವು ಮೂರು. ಎರಡರಲ್ಲಿ "ತಿಳಿದವರನ್ನು ಕೇಳಿ" ಎಂದಿತ್ತು. ಮೂರನೆಯದು ಮನೆಯಲ್ಲಿಡುವ ನೀರಿನ ಫಿಲ್ಟರಿನ ಜಾಹೀರಾತು.

ಕೊನೆಗೆ, "ತುರ್ತು" ಅಥವಾ "ಕೊನೆಯ ದಿನ" ಎಂಬ ಮಾತು ಇರುವ ಸಂದೇಶಗಳೂ ಇಮೇಲುಗಳೂ ತಾವಾಗಿಯೇ ಒಂದು ಪಕ್ಕಕ್ಕೆ ಹೋಗಿ ಬೀಳುವಂತೆ ವ್ಯವಸ್ಥೆ ಮಾಡಿದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಮರಳಿನ ತೊಟ್ಟಿಗೆ ಕೆಳಗಿನಿಂದ ನೀರು ನುಗ್ಗಿಸಿ, ಅಲ್ಲಿ ಸಿಕ್ಕಿಕೊಂಡ ಕೆಸರನ್ನೆಲ್ಲ ಚರಂಡಿಗೆ ಬಿಡುವುದು ಪದ್ಧತಿ. ಕೆಸರನ್ನು ಯಾರೂ ಬಗ್ಗಿ ನೋಡುವುದಿಲ್ಲ, ಸೋಸಿ ಬಂದ ನೀರನ್ನಷ್ಟೇ ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿಯುತ್ತೇವೆ. ಹಾಗೆಯೇ ನಾನೂ ದಿನಾ ಆರು ಗಂಟೆಗೆ, ತೊಟ್ಟಿ ತೊಳೆದ ಕೈಯಲ್ಲೇ ಆ ಸಂದೇಶಗಳ ರಾಶಿಯನ್ನು ಅಳಿಸಿ ಹಾಕುತ್ತಿದ್ದೆ. ಮೊಬೈಲು ತಿಳಿಯಾಯಿತು. ಅಕ್ಕನಿಗೆ ತೋರಿಸಿ ಬೀಗಿದ್ದೂ ಉಂಟು.

ಹದಿನೈದರಂದು ಇಬ್ಬರೂ ಠೇವಣಿ ಕಚೇರಿಗೆ ಹೋದೆವು. ಗುಮಾಸ್ತ ಕಂಪ್ಯೂಟರು ನೋಡಿ, "ಇದು ನಿನ್ನೆನೇ ಮೂರು ವರ್ಷಕ್ಕೆ ಮುಂದುವರಿದುಬಿಟ್ಟಿದೆ. ಬೇಡ ಅಂತ ನೀವು ಬರೆದು ಕೊಡ್ಬೇಕಿತ್ತು. ಈ ಯೋಜನೇಲಿ ಮಧ್ಯೆ ತೆಗೆಯೋಕೆ ಬರಲ್ಲ" ಎಂದ. ತಿಳಿಸಿರಲಿಲ್ಲವಲ್ಲ ಎಂದೆ. "ಮೂರು ಸಲ ಇಮೇಲ್ ಕಳಿಸಿದೀವಿ ಸರ್. ಮೇಲೇ ತುರ್ತು ಅಂತ ಬರೆದು ಕಳಿಸಿದೀವಿ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುವ ಸಂಕಟ ನನಗಿರುತ್ತಿರಲಿಲ್ಲ. ಅವಳು ಆಗಲೇ ಕೆಲಸ ಬಿಡುವುದಾಗಿ ಹೇಳಿ, ಏಪ್ರನ್ನು ಮತ್ತು ಲಾಕರಿನ ಕೀಲಿಯನ್ನು ಒಪ್ಪಿಸಿಬಿಟ್ಟಿದ್ದಳು. ಅವನ್ನು ವಾಪಸು ಕೇಳಲು ಮೇಲ್ವಿಚಾರಕಿಯ ಬಾಗಿಲಲ್ಲಿ ಅರ್ಧ ಗಂಟೆ ನಿಂತಳು. ನಾನು ಹೊರಗೆ ಕುಳಿತಿದ್ದೆ. ನಾಚಿಕೆ ಮರೆಯಲು ಮೊಬೈಲು ತೆರೆದವನಿಗೆ ತಾವು ಮಂಡಿನೋವಿನ ಎಣ್ಣೆಯ ಜಾಹೀರಾತು ತೋರಿಸಿದಿರಿ. ಆ ಹೊತ್ತಿನಲ್ಲೂ ನಮ್ಮನ್ನು ಮರೆಯದ ತಮ್ಮ ದೊಡ್ಡ ಮನಸ್ಸನ್ನು ಕೊಂಡಾಡಲು ನನಗೆ ಮಾತು ಸಾಲದು.

ಈಗ ನನ್ನ ವಿನಂತಿ. ಅಕ್ಕನ ಮಂಡಿ ನೋಯುತ್ತದೆಂದು ಬಲ್ಲ ತಾವು, ಅವಳ ಹೆಸರಿಗೆ ಬಂದ ಇಮೇಲು ಯಾವುದೆಂದೂ ಬಲ್ಲಿರಿ ಎಂದುಕೊಂಡಿದ್ದೇನೆ. ಆದ್ದರಿಂದ ದಯಮಾಡಿ ಹದಿನಾಲ್ಕನೆಯ ತಾರೀಖನ್ನು ಇನ್ನೊಂದು ಸಲ ಕಳಿಸಿಕೊಡಬೇಕು. ಅರ್ಧ ದಿನವಾದರೂ ಸಾಕು. ಅದು ಆಗದಿದ್ದರೆ, ಹಣವೇ ನಮಗಾಗಿ ದುಡಿಯಬೇಕೆಂದು ಕೆಂಪು ಟೈ ಮಹಾಶಯರು ದಿನವೂ ಬೋಧಿಸುತ್ತಾರಲ್ಲ, ಅವರ ಹಣದಲ್ಲಿ ಚುರುಕಾಗಿ ದುಡಿಯುವಂಥದ್ದನ್ನು ಒಂದಿಷ್ಟು ಆರಿಸಿ, ಬೆಳಗಿನ ಐದೂವರೆಯ ಪಾಳಿಗೆ ಇಸ್ತ್ರಿ ವಿಭಾಗಕ್ಕೆ ಕಳಿಸಿಕೊಡಲು ಅವರಿಗೆ ಹೇಳಬೇಕು. ಮೂರು ವರ್ಷದ ಮಟ್ಟಿಗೆ. ಭಾನುವಾರ ರಜೆ ಇರುತ್ತದೆ. ಏಪ್ರನ್ನು ಅಲ್ಲೇ ಕೊಡುತ್ತಾರೆ.

ದಿನಕ್ಕೆ ನಲವತ್ತು ಸಲ ತಮ್ಮ ದರ್ಶನ ಪಡೆಯುವ,
ತಮ್ಮ ವಿಶ್ವಾಸಿ,
ತೊಟ್ಟಿ ತೊಳೆಯುವವ

ತಾ.ಕ.: ಕಳಿಸುವ ಮೊದಲು ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಾ ಕೊನೆಯವರೆಗೂ ಕೇಳಿ, "ಇಷ್ಟುದ್ದ ಬರೆಯೋಕೆ ಪುರುಸೊತ್ತಿತ್ತು ನಿಂಗೆ. ಆ ಆಫೀಸಿಗೆ ಒಂದು ಫೋನ್ ಮಾಡಿ, ಅಕ್ಕನ ದುಡ್ಡಿಗೆ ಏನ್ ಮಾಡ್ಬೇಕು ಅಂತ ಕೇಳೋಕೆ ಆಗ್ಲಿಲ್ಲ" ಎಂದಳು. ಈ ಮೂರು ತಿಂಗಳಲ್ಲಿ ನನ್ನ ಕಿವಿಗೆ ಬಿದ್ದ ಹೂಡಿಕೆ ಸಲಹೆಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಇದೊಂದೇ. ಹೇಳಿ ಮುಗಿಸಿ ಅವಳು ಪಾಳಿಗೆ ಹೊರಟಳು.