ಮೊದಲ ಸಂಚಿಕೆಯ ಮೇಲೆ ಮಿರ್ಚಿ ಭಜಿ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗಿದೆ. ಎದ್ದು ಬಾಲ್ಕನಿಯ ಕೊತ್ತಂಬರಿಗೆ ನೀರು ಹಾಕಿದ್ದೇನೆ. ಹಾಕಿ ಹಾಕಿ ಕೊತ್ತಂಬರಿ ಕೊಳೆತುಹೋಯಿತು. ಇನ್ನು ಬರೆಯದೆ ವಿಧಿಯಿಲ್ಲ.

ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಕೆಳಗಿನ ಮನೆಯಲ್ಲಿ ನಾರ್ಮನ್ ಎಂಬ ಇಂಗ್ಲಿಷ್ ಮುದುಕರು. ಹರೆಯದಲ್ಲಿ ಅವರು ಇಂಗ್ಲೆಂಡಿನ ವಿಜ್ಞಾನ ಕಥೆಗಳ ಅಭಿಮಾನಿ ಬಳಗದಲ್ಲಿದ್ದವರು. ಕಥೆ ಬರೆದವರಲ್ಲ. ಓದಿ, ಜಗಳವಾಡಿ, ಆ ಜಗಳವನ್ನೇ ಪತ್ರಿಕೆ ಮಾಡಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದವರು. ಆ ಬಳಗದಲ್ಲೂ ಅವರನ್ನು ಬಲ್ಲವರು ಕಡಿಮೆ.

"ಈ ಸಲದ ಅಭಿಮಾನಿಗಳ ಸಮ್ಮೇಳನದಲ್ಲಿ ನನ್ನ ಪತ್ರಿಕೆ ಇಡಲು ಒಂದು ಮೇಜು ಕೊಟ್ಟಿದ್ದಾರೆ. ಉಳಿದಿರುವುದು ನನ್ನ ಹತ್ತಿರದ ಪ್ರತಿಗಳು ಮಾತ್ರ," ಎಂದು ಹೇಳುವಾಗ ಅವರ ಮುಖ ಮದುವೆ ಗೊತ್ತಾದ ಹುಡುಗನ ಮುಖದಂತಿತ್ತು.

ನನ್ನ ಹೆಂಡತಿ ಸುಶೀಲಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಆದರೂ ಸಾಹೇಬರೊಡನೆ ಇಂಗ್ಲಿಷ್ ಮಾತಾಡುವ ಇಲಾಖೆಯನ್ನು ಎಸ್ಸೆಸ್ಸೆಲ್ಸಿಯ ನಾನೇ ಇಟ್ಟುಕೊಂಡಿದ್ದೆ. ಅವಳು ನಮಸ್ಕಾರ ಮಾಡಿ ನಕ್ಕು ಸುಮ್ಮನಾಗುತ್ತಿದ್ದಳು.

ಇಲ್ಲಿ ಬೇಡವಾದ ಸಾಮಾನನ್ನು ಪೆಟ್ಟಿಗೆಗೆ ಹಾಕಿ, ಬೇಕಾದವರು ಒಯ್ಯಲಿ ಎಂದು ಚೀಟಿ ಅಂಟಿಸಿ ಬಾಗಿಲ ಹತ್ತಿರ ಇಡುತ್ತಾರೆ. ಹಾಗೆ ನಾನೊಂದು ಇಸ್ತ್ರಿಪೆಟ್ಟಿಗೆ, ಒಂದು ಕುಂಟು ಛತ್ರಿ ಸಂಪಾದಿಸಿದ್ದೆ. ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ಮತ್ತೊಂದು ಪೆಟ್ಟಿಗೆ ಕಂಡಿತು. ಅದರ ತುಂಬ ಹಳದಿಗಟ್ಟಿದ ಸೈಕ್ಲೋಸ್ಟೈಲ್ ಹಾಳೆಗಳು. ಪತ್ರಿಕೆ ಎಂದರೆ ನನ್ನ ಕಲ್ಪನೆಯಲ್ಲಿ ಬಣ್ಣದ ಮುಖಪುಟ. ಹಾಗಾಗಿ ಸಾಹೇಬರ ನೆನಪೇ ಬರಲಿಲ್ಲ. ಧಾರವಾಡದ ಕಚೇರಿಯೊಂದರಲ್ಲಿ ಆಯುಷ್ಯವಿಡೀ ಪ್ರತಿ ತೆಗೆಯುವ ಆ ಯಂತ್ರ ತಿರುಗಿಸಿದವನು ನಾನು. ಶಾಯಿ ಹೀರುವ ಆ ಹಾಳೆ ಎಣ್ಣೆಯನ್ನೂ ಹೀರುತ್ತದೆಂಬ ಪರಮಸತ್ಯವನ್ನು ನನ್ನಷ್ಟು ಬಲ್ಲವರು ಜರ್ಮನಿಯಲ್ಲಿ ಇರಲಾರರು!

"ಚೀಟಿ ಎಲ್ಲೈತ್ರಿ?" ನಾನು ಮೇಲೆ ಹೊತ್ತು ತಂದ ಪೆಟ್ಟಿಗೆ ನೋಡಿ ಎಂದಳು ಸುಶೀಲಾ.

"ಬಿದ್ದಿರಬೇಕು."

"ಯಾರದೋ ಏನೋ. ಕೇಳಿ ಬರ್ರಿ."

"ನನ್ನ ಸರ್ವೀಸಿನಾಗ ಇಂಥಾವು ಎಷ್ಟು ನೋಡೇನಿ. ಯಾವ್ದೋ ಹಳೀ ಸರ್ಕ್ಯುಲರ್."

"ನೀವು ತಿರುಗಿಸಿದ್ದು ಖರೆ. ಓದಿದ್ದು ಯಾವಾಗ?"

ಅವಳು ಮಗಳೊಂದಿಗೆ ಸಂತೆಗೆ ಹೊರಟಳು. ನಾನು ಪಿನ್ನು ಬಿಚ್ಚಿ, ಹಾಳೆ ಹಾಸಿ, ಮಿರ್ಚಿ ಭಜಿ ಕರಿದೆ. ಹಾಳೆಗಳು ಎಣ್ಣೆಯನ್ನು ಋಷಿ ಸಮುದ್ರ ಕುಡಿದಂತೆ ಕುಡಿದವು. ಅಷ್ಟಕ್ಕೇ ನಿಂತಿದ್ದರೆ ನಾನು ನಾನಾಗುತ್ತಿರಲಿಲ್ಲ. ಒಂದು ತಟ್ಟೆ ಭಜಿಯನ್ನು, ಹಾಳೆಯ ಸಮೇತ, ನಾರ್ಮನ್ ಸಾಹೇಬರಿಗೆ ಒಯ್ದೆ.

ಒಂದು ತಿಂದರು. ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತೆಂದು ನೀರು ಕೊಟ್ಟೆ, ಮುಟ್ಟಲಿಲ್ಲ. ಭಜಿಗಳನ್ನು ಒಂದೊಂದಾಗಿ ಸರಿಸಿ ಓದತೊಡಗಿದರು.

"ಇದು ನನ್ನ ಮೊದಲ ಸಂಚಿಕೆ," ಎಂದರು ಮೆಲ್ಲಗೆ. "ನೆಲಮಾಳಿಗೆಯಿಂದ ಹೊತ್ತು ತಂದೆ. ದಣಿವಾಗಿ, ಪೆಟ್ಟಿಗೆಯನ್ನು ಮೆಟ್ಟಿಲ ಹತ್ತಿರ ಬಿಟ್ಟು ಒಳಗೆ ಬಂದು ಕೂತೆ. ನಿದ್ದೆ ಹತ್ತಿತು."

ಆಗ ನನ್ನ ಬಾಯಿಂದ ಜೀವಮಾನದ ಅತ್ಯಂತ ನಿರರ್ಗಳ ಇಂಗ್ಲಿಷ್ ಹೊರಟಿತು: "ಮೈ ವೈಫ್, ಸರ್. ಶಿ ನೋ ಇಂಗ್ಲಿಷ್."

ಸಾಹೇಬರು ಅವಳನ್ನು ಆ ಕ್ಷಣವೇ ಕ್ಷಮಿಸಿದರು. ಉಳಿದ ಸಂಚಿಕೆಗಳೊಂದಿಗೆ ಎಣ್ಣೆಹಾಳೆಗಳನ್ನೂ ಸಮ್ಮೇಳನಕ್ಕೆ ಒಯ್ದರು. ಜನ ಮುತ್ತಿದ್ದು ಎಣ್ಣೆಹಾಳೆಗಳನ್ನೇ ಅಂತೆ. ಯಾರೂ ಅರಿಯದ ಮನುಷ್ಯ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾದರು. ಆ ಉತ್ಸಾಹದಲ್ಲಿ, ಎಷ್ಟೋ ಕಾಲದ ಮೇಲೆ, ಭಜಿಯ ಕಥೆಯನ್ನೂ ಸೇರಿಸಿ ಹೊಸ ಸಂಚಿಕೆ ತಂದು ನಮಗೂ ಒಂದು ಪ್ರತಿ ಕೊಟ್ಟರು.

ಸುಶೀಲಾ ಅದನ್ನು ತನ್ನ ತರಗತಿಯ ದನಿಯಲ್ಲಿ ಮಗಳಿಗೆ ಓದಿ ಹೇಳಿದಳು. 'ಇಂಗ್ಲಿಷ್ ಓದಲು ಬಾರದ ನೆರೆಮನೆಯ ಸಾಧು ಗೃಹಿಣಿ' ಎಂಬಲ್ಲಿಗೆ ಬಂದಾಗ ದನಿ ನಿಂತಿತು. ಮಗಳು ನನ್ನ ಕಡೆ ನೋಡಿದಳು. ನಾನು ಕೊತ್ತಂಬರಿಯ ಕಡೆ ನೋಡಿದೆ.

"ವ್ಯಾಕರಣ ಚೊಲೋ ಐತಿ," ಎಂದು ಸುಶೀಲಾ ಪತ್ರಿಕೆ ಮಡಚಿಟ್ಟಳು.

ಈಗಲೂ ಮೆಟ್ಟಿಲಲ್ಲಿ ಸಿಕ್ಕರೆ ಸಾಹೇಬರು ಕೈಸನ್ನೆ ಮಾಡಿ, ಒಂದೊಂದೇ ಶಬ್ದ ಬಿಡಿಸಿ ಅವಳೊಡನೆ ಮಾತಾಡುತ್ತಾರೆ. ಅವಳು ನಮಸ್ಕಾರ ಮಾಡಿ ನಗುತ್ತಾಳೆ. ನನ್ನ ಸುಳ್ಳು ಬಯಲಾಗಬಾರದೆಂದು ಒಂದು ಇಂಗ್ಲಿಷ್ ಶಬ್ದವನ್ನೂ ಆಡುವುದಿಲ್ಲ.

ಸಾಹೇಬರ ಕ್ಷಮೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಹೆಂಡತಿಯ ಪರವಾಗಿ. ಕೇಳದೆ ಉಳಿದದ್ದು ಒಬ್ಬಳದೇ. ಸುಶೀಲಾಳದು.