ಚೆಂಡಿಗೆ ಕೈಮುಗಿಯುತ್ತಿದ್ದ ಭಾವ

ಕಾಲಿಗೆ ಚೆಂಡು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಫುಟ್‌ಬಾಲ್ ಕೋಚನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ನಮ್ಮ ಅಕ್ಕನನ್ನು ಕೊಟ್ಟು ಮದುವೆಯನ್ನೂ ಮಾಡಿದ್ದೆವು! ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವುದು ಸರಿ. ಒದೆಯುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ಪ್ರತಿ ಒದೆತಕ್ಕೂ ಬಗ್ಗಿ ನಮಸ್ಕಾರ ಮಾಡುತ್ತಾ ಹೋದರೆ ಆಟ ಮುಗಿಯುವುದು ಯಾವಾಗ? ಹಾಗಾಗಿ ಭಾವ ಚೆಂಡಿನೊಡನೆ ಒಂದು ಒಪ್ಪಂದಕ್ಕೆ ಬಂದಿದ್ದರು. ಆಟಕ್ಕೆ ಮುಂಚೆ ಒಂದೇ ಸಲ, ಎಲ್ಲ ಒದೆತಗಳಿಗೂ ಸೇರಿಸಿ, ಮುಂಗಡ ಕ್ಷಮೆ.

ಪರ್ತ್‌ನಲ್ಲಿ ಅವರು ತರಬೇತಿ ಕೊಡುತ್ತಿದ್ದ ಕಾಲೇಜು ಹುಡುಗರೂ ಇದನ್ನು ಕಲಿತರು. ಪಂದ್ಯಕ್ಕೆ ಮೊದಲು ಸಾಲಾಗಿ ಬಂದು ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಒಮ್ಮೆ ಎದುರಾಳಿ ಕಾಲೇಜಿನ ಕೋಚ್ ಇದೇನೋ ಮಾಟ ಎಂದು ದೂರು ಕೊಟ್ಟ. ರೆಫರಿ ಬಂದು ವಿಚಾರಿಸಿದ.

"ಏನಿಲ್ಲ ಮೇಟ್, ಸಾರಿ ಕೇಳ್ತಿದೀವಿ," ಎಂದರು ಭಾವ.

"ಯಾರಿಗೆ?"

"ಚೆಂಡಿಗೆ."

ರೆಫರಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ಆ ಕಡೆ ಟೀಮಿಗೂ ಒಂದು ಸಾರಿ ಹೇಳ್ಬಿಡಿ," ಎಂದನಂತೆ. ಹಿಂದಿನ ಸಲ ಅವರನ್ನು ಹಿಗ್ಗಾಮುಗ್ಗಾ ಸೋಲಿಸಿದ್ದರಲ್ಲ!

ಈ ಕತೆಯನ್ನು ಭಾವ ಹೇಳುತ್ತಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಭಾವ ಇಲ್ಲ. ಕತೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ, ನಾನು ಹೇಳಿದರೆ ರೆಫರಿ ಬರುವ ಮೊದಲೇ ಕತೆ ನಿಂತುಬಿಡುತ್ತದೆ.

ಅವರು ಬೆಳೆದದ್ದು ಕೆಜಿಎಫ್‌ನ ಗಣಿ ಕ್ವಾರ್ಟರ್ಸಿನಲ್ಲಿ. ಅಲ್ಲಿನ ಮಕ್ಕಳು ನಡೆಯುವ ಮೊದಲೇ ಒದೆಯುವುದನ್ನು ಕಲಿಯುತ್ತವೆ. ಭೂವಿಜ್ಞಾನ ಓದಿ, ಗಣಿ ಕಂಪನಿಯ ಕೆಲಸದ ಮೇಲೆ ಪರ್ತ್‌ಗೆ ಬಂದು, ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿ ಮನೆ ಮಾಡಿದರು. ಹತ್ತಿರದ ಕಾಲೇಜಿನ ಹುಡುಗರು ಆಡುವುದನ್ನು ದಿನವೂ ಬೇಲಿಯಾಚೆ ನಿಂತು ನೋಡಿ ನೋಡಿ, ಒಂದು ಸಂಜೆ ತಡೆಯಲಾರದೆ ಒಳಗೆ ನುಗ್ಗಿ ಬೈದರು. ಬೈಸಿಕೊಂಡವರು ಮುಂದಿನ ಪಂದ್ಯ ಗೆದ್ದರು. ಕಾಲೇಜಿನವರು ಕರೆದು, ಬೈಯುವುದನ್ನೇ ಕೆಲಸವಾಗಿ ಕೊಟ್ಟರು! ಗಣಿ ಕೆಲಸಕ್ಕೆ ರಾಜೀನಾಮೆ. ಮೈಸೂರಿನಲ್ಲಿ ನಮ್ಮ ತಂದೆಗೆ ಸಂಕಟ. ಅಳಿಯ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಕಾಲೇಜಲ್ಲಿದಾರೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಕೇಳಿದವರು ಪ್ರೊಫೆಸರ್ ಎಂದುಕೊಳ್ಳಲಿ ಎಂಬ ಆಸೆ.

ಸೋತ ದಿನ ಭಾವ ಹುಡುಗರನ್ನು ಬೈಯುತ್ತಿರಲಿಲ್ಲ. ಸೀದಾ ಮನೆಗೆ ಕರೆತಂದು, ಅಡುಗೆಮನೆಯ ನೆಲದ ಮೇಲೆ ಕೂರಿಸಿ, ಮುಂದೆ ಬೆಳ್ಳುಳ್ಳಿ ಸುರಿಯುತ್ತಿದ್ದರು. ಸುಲಿಯಬೇಕು. ಆರಡಿ ಎತ್ತರದ ಬಿಳಿಯ ಹುಡುಗರು ಉಗುರುಸಂದಿಯಲ್ಲಿ ಸಿಪ್ಪೆ ಸಿಕ್ಕಿಸಿಕೊಂಡು ಒದ್ದಾಡುವರು. ಕೊನೆಗೆ ಎಲ್ಲರಿಗೂ ಅಕ್ಕನ ಬಿಸಿಬೇಳೆಬಾತ್. ತಂಡ ಗೆಲ್ಲುವುದು ಜಾಸ್ತಿಯಾದಾಗ ಅಕ್ಕನೇ ಗೊಣಗಿದಳು: "ರೀ, ಮನೇಲಿ ಬೆಳ್ಳುಳ್ಳಿ ಎಲ್ಲ ಹಂಗೇ ಬಿದ್ದಿದೆ. ಒಂದ್ಸಲ ಸೋತ್ಕೊಂಡು ಬನ್ನಿ!"

ಆ ಮನೆಯಲ್ಲಿ ಇಷ್ಟೆಲ್ಲ ಗದ್ದಲವಿತ್ತು, ಸ್ವಂತ ಮಕ್ಕಳಿರಲಿಲ್ಲ. ಆ ಹೊತ್ತಿಗೆ ನಾನೂ ಪರ್ತ್‌ಗೇ ಬಂದು ನೆಲೆಸಿದ್ದೆ. ವಿಲೆಟನ್ನಿನ ನಮ್ಮ ಮನೆಯ ಗಣೇಶನ ಹಬ್ಬದಲ್ಲಿ, ಹೊಸದಾಗಿ ಬಂದಿದ್ದ ಆಂಟಿಯೊಬ್ಬರು ಭಾವನನ್ನು ಕೇಳಿಬಿಟ್ಟರು, "ನಿಮಗೆ ಮಕ್ಕಳೆಷ್ಟು?"

"ಹನ್ನೊಂದು," ಎಂದರು ಭಾವ. "ಸಬ್‌ಸ್ಟಿಟ್ಯೂಟ್‌ಗಳನ್ನ ಬಿಟ್ಟು."

ಎಲ್ಲರೂ ನಕ್ಕರು. ಅಕ್ಕ ಮಾತ್ರ ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ನಿಮ್ಮ ಭಾವಂಗೆ ಎಲ್ಲಾ ಜೋಕೇ," ಎಂದಳು ಸಿಂಕಿನ ಕಡೆ ಮುಖ ಮಾಡಿ. "ನಾಳೆ ಇವರಿಗೇನಾದ್ರೂ ಆದ್ರೆ ಎಳ್ಳು ನೀರು ಬಿಡೋರು ಯಾರೋ? ಈ ಹುಡುಗ್ರೆಲ್ಲ ಓದು ಮುಗಿಯೋವರೆಗೆ. ಆಮೇಲೆ ಯಾರ್ ಎಲ್ಲೋ."

"ನಾನಿದೀನಲ್ಲ ಕಣೇ."

"ನೀನು ನನ್ನ ತಮ್ಮ. ಅವರಿಗೆ ಮಗ ಆಗ್ತೀಯಾ?"

ಅವಳಿಗೆ ದೇವರ ಮೇಲೆ ದೂರು ಇದೊಂದೇ. ಅದನ್ನು ಅವಳು ಗಂಡನ ಮುಂದೆ ಒಂದು ದಿನವೂ ಆಡಿದವಳಲ್ಲ.

ಆಮೇಲೆ ಬ್ರಿಸ್ಬೇನ್‌ನ ದೊಡ್ಡ ಕಾಲೇಜೊಂದು ಅವರನ್ನು ಕರೆಸಿಕೊಂಡಿತು. ಎಯ್ಟ್ ಮೈಲ್ ಪ್ಲೇನ್ಸ್ ಎಂಬ ಬಡಾವಣೆಯಲ್ಲಿ ಮನೆ. ಅಲ್ಲಿಯೂ ಗೆಲುವಿನ ಮೇಲೆ ಗೆಲುವು. ಫೈನಲ್ ಗೆದ್ದ ದಿನ ವೇದಿಕೆಯಲ್ಲಿ ಕೋಚ್ ಹೆಸರು ಕೂಗಿ ಕೂಗಿ ಸಾಕಾದರೂ ಕೋಚ್ ಪತ್ತೆಯಿಲ್ಲ. ಕೊನೆಗೆ ಅಕ್ಕನೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೋಗಿ ಕಪ್ ಇಸಕೊಂಡಳು. ಭಾವ ಎಲ್ಲಿದ್ದರು ಗೊತ್ತೆ? ಪಕ್ಕದ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಾರಿನ ಟೈರಿಗೆ ಗಾಳಿ ತುಂಬುವ ಕಡೆ, ಸೋಮವಾರದ ಪ್ರಾಕ್ಟೀಸಿಗೆಂದು ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು! ಅಕ್ಕನಿಗೆ ರೇಗಿತು. ಅವರ ಪಾಲಿಗೆ ಬಂದ ಚಿಕ್ಕ ಕಪ್ಪಿಗೆ ಮಣ್ಣು ತುಂಬಿ ಕರಿಬೇವಿನ ಸಸಿ ನೆಟ್ಟುಬಿಟ್ಟಳು. ಸಸಿ ಚೆನ್ನಾಗಿಯೇ ಬಂತು.

ಕೊನೆಯ ಊರು ಅಡಿಲೇಡ್. ಅಲ್ಲಿಯೂ ಕಾಲೇಜು, ಅಲ್ಲಿಯೂ ಕಪ್ಪು. ಜೊತೆಗೆ ಕೆಮ್ಮು. ನಾನು ಪರ್ತ್‌ನಿಂದ ಹೋದಾಗ ಮೂವರೂ ಡಾಕ್ಟರ ಮುಂದೆ ಕೂತೆವು. ಶ್ವಾಸಕೋಶ, ಹರಡಿದೆ, ಹೆಚ್ಚು ದಿನ ಇಲ್ಲ ಎಂದು ಆ ಮನುಷ್ಯ ಮೆಲ್ಲಗೆ ಹೇಳಿದರು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಭಾವ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು.

"ಡಾಕ್ಟ್ರೇ, ನೀವು ಎಡಗಾಲಿನವರಲ್ವಾ?"

ಡಾಕ್ಟರು ತಬ್ಬಿಬ್ಬಾದರು. ಹೌದಂತೆ, ಹುಡುಗನಾಗಿದ್ದಾಗ ಎಡ ಅಂಚಿನಲ್ಲಿ ಆಡುತ್ತಿದ್ದರಂತೆ. ಆಮೇಲಿನ ಮಾತೆಲ್ಲ ಅದೇ. ಹೊರಗೆ ಬಂದ ಮೇಲೆ ಅಕ್ಕ, "ಅವರು ಹೇಳಿದ್ದು ಕಿವಿಗೆ ಬಿತ್ತೇನ್ರೀ ನಿಮಗೆ?" ಎಂದು ಕೇಳಿದಳು.

"ಬಿತ್ತು ಕಣೇ," ಎಂದರು. "ಪಾಪ, ಹೇಳೋಕೆ ಎಷ್ಟು ಕಷ್ಟಪಡ್ತಿದ್ರು. ಅದಕ್ಕೇ ಮಾತು ತಿರುಗಿಸಿದೆ."

ನಾನು ಕಾರಿನ ಕೀ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಚಳಿಗಾಲ ಕಳೆಯುವ ಮೊದಲೇ ಭಾವ ಹೋದರು. ಅವರಿಲ್ಲದ ಮನೆಯಲ್ಲಿ ಫೋನ್ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಹಳೆಯ ಹುಡುಗರು. ಬರುತ್ತೇವೆ ಎನ್ನುವರು, ಏನು ಹಾಕಿಕೊಂಡು ಬರಬೇಕು ಎನ್ನುವರು. ಅಕ್ಕ ಎಲ್ಲರಿಗೂ ಸಮಾಧಾನದಿಂದ ಉತ್ತರ ಕೊಟ್ಟಳು. ಅಳಲಿಲ್ಲ. ನನಗೆ ಅದೇ ಭಯ.

ಅಡಿಲೇಡಿನ ಪುರೋಹಿತರು ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಭಾನುವಾರ ಪೌರೋಹಿತ್ಯ. "ಕ್ರಿಯೆ ಮಾಡೋರು ನೀವು ತಾನೆ? ಕೇಶಮುಂಡನ ಆಗ್ಬೇಕು," ಎಂದು ಹಿಂದಿನ ದಿನವೇ ಫೋನಿನಲ್ಲಿ ಎಚ್ಚರಿಸಿದ್ದರು. ಬೇರೆ ಯಾರಿದ್ದಾರೆ? ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಕನ್ನಡಿಯಲ್ಲಿ ಕೊನೆಯ ಸಲ ಬಾಚಿಕೊಂಡೆ. ಬೆಳಿಗ್ಗೆ ಕ್ಷೌರಿಕನ ಅಂಗಡಿಗೆ ಹೋದರೆ ಬಾಗಿಲು ಹಾಕಿದೆ. ಹಾಗೆಯೇ ಅಕ್ಕನನ್ನು ಕರೆದುಕೊಂಡು ಚಿತಾಗಾರಕ್ಕೆ ಹೋದೆ, ಅಲ್ಲಿಯೇ ಯಾರ ಕೈಯಲ್ಲಾದರೂ ಬೋಳಿಸಿಕೊಂಡರಾಯಿತು ಎಂದು.

ಒಳಗೆ ಕಾಲಿಟ್ಟು ಇಬ್ಬರೂ ನಿಂತುಬಿಟ್ಟೆವು. ಸಾಲು ಸಾಲು ಬೋಳುತಲೆಗಳು! ಪರ್ತ್‌ನವರು, ಬ್ರಿಸ್ಬೇನ್‌ನವರು, ಅಡಿಲೇಡಿನವರು. ನೆತ್ತಿಯ ಮೇಲೆ ಗೀರು ಬಿದ್ದವರು, ಕಿವಿಯ ಹಿಂದೆ ಕೂದಲು ಉಳಿದವರು, ತಮ್ಮ ಕೈಯಿಂದ ತಾವೇ ಬೋಳಿಸಿಕೊಂಡದ್ದು ಗೊತ್ತಾಗುವಂತಿತ್ತು. ಅವರಲ್ಲೊಬ್ಬ ತನ್ನ ಜೊತೆ ಗಣಿಯಲ್ಲಿ ಕೆಲಸ ಮಾಡುವ ಕನ್ನಡಿಗನನ್ನು, ನಿಮ್ಮಲ್ಲಿ ಅಪ್ಪ ಹೋದರೆ ಮಗ ಏನು ಮಾಡುತ್ತಾನೆ ಎಂದು ಕೇಳಿದನಂತೆ. ತಲೆ ಬೋಳಿಸಿಕೊಳ್ಳುತ್ತಾನೆ ಎಂದನಂತೆ ಆತ. ಸುದ್ದಿ ಮೂರು ಊರಿಗೂ ಹೋಗಿದೆ.

"ಅಯ್ಯೋ, ಕ್ರಿಯೆ ಮಾಡೋರು ಒಬ್ಬರು ಮಾಡಿಸ್ಕೊಂಡಿದ್ರೆ ಸಾಕಾಗಿತ್ತಲ್ಲ!" ಎಂದರು ಪುರೋಹಿತರು ಕಂಗಾಲಾಗಿ.

ನನಗೆ ನಗು ಬಂತು, ಬಂದದ್ದು ಅಳುವಾಯಿತು. ಅಕ್ಕ ನಿಧಾನವಾಗಿ ಸಾಲಿನುದ್ದಕ್ಕೂ ನಡೆದಳು. ಒಬ್ಬೊಬ್ಬನೂ ಅವಳಿಗಾಗಿ ಬಗ್ಗಿದ, ಒಬ್ಬೊಬ್ಬನ ತಲೆಯನ್ನೂ ಸವರಿದಳು. ಸವರುತ್ತಾ ಸವರುತ್ತಾ ಅವಳ ಅಳು ಕಟ್ಟೆಯೊಡೆಯಿತು. ಕಡೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ತನ್ನ ಇಂಗ್ಲಿಷಿನಲ್ಲಿ, ನಿಮ್ಮಲ್ಲಿ ದೊಡ್ಡವನು ಯಾರು ಎಂದು ಕೇಳಿದಳು.

ಅವರು ಮುಖ ಮುಖ ನೋಡಿಕೊಂಡರು. ಥಾರ್ನ್ಲಿಯ ಕಾಲದವನೊಬ್ಬ, ಗಡ್ಡ ನರೆತಿದ್ದ ದಢೂತಿ, ತರಗತಿಯಲ್ಲಿ ಎತ್ತಿದಂತೆ ಕೈಯೆತ್ತಿದ. ಪಂಚೆ ಉಟ್ಟುಕೊಳ್ಳಲು ಹೊರಟಿದ್ದ ನನ್ನನ್ನು ಅಕ್ಕ "ನೀನು ಕೂತ್ಕೊಳೋ" ಎಂದು ಪಕ್ಕಕ್ಕೆ ಸರಿಸಿ, ಅವನ ಕೈ ಹಿಡಿದು ತಂದು ಪುರೋಹಿತರ ಮುಂದೆ ನಿಲ್ಲಿಸಿದಳು.

"ಇವನ ಕೈಲಿ ಮಾಡ್ಸಿ."

ಪುರೋಹಿತರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ದರ್ಭೆಯನ್ನು ನೋಡಿದರು. "ಅಲ್ಲಮ್ಮಾ, ಸಂಕಲ್ಪದಲ್ಲಿ ಹೇಳ್ಬೇಕಲ್ಲ. ಇವರ ಗೋತ್ರ?"

"ಅವರಪ್ಪಂದೇ," ಎಂದಳು ಅಕ್ಕ. "ಇನ್ನ್ಯಾರದು?"