ನಡುವೆ ತೂತಿರುವ ಟೇಬಲ್ಲು

ಊಟದ ಟೇಬಲ್ಲಿಗೂ ರೇಷ್ಮೆಹುಳುವಿಗೂ ನೇರ ಸಂಬಂಧವಿದೆ ಎಂದು ಬಲವಾಗಿ ನಂಬಿರುವ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ದೊಡ್ಡಪ್ಪ. ಅಂಥವರ ಮನೆಗೆ ಟೇಬಲ್ಲು ಮಾಡಿಕೊಡುತ್ತೇನೆಂದು ತಾನಾಗಿಯೇ ಬಾಯಿಬಿಟ್ಟ ದಡ್ಡಿಯೂ ಒಬ್ಬಳೇ ಇದ್ದಾಳೆ. ಅದು ಯಾರೆಂದು ಬೇರೆ ಹೇಳಬೇಕೆ? ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ: ದೊಡ್ಡಪ್ಪನಿಗೆ ಒಂದು ಸ್ಟೂಲು ಮಾಡಿಕೊಡುವುದಕ್ಕಿಂತ ಗೌರಿಬಿದನೂರಿಗೆ ಇನ್ನೊಂದು ರೈಲ್ವೆ ಸ್ಟೇಷನ್ನು ಕಟ್ಟಿಕೊಡುವುದು ಸುಲಭ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಗೌರಿಬಿದನೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮರಗೆಲಸ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಅಲ್ಲಿಯವರೆಗೆ ನಾನು ಮಾಡಿದ್ದು ಎರಡು ವಸ್ತು. ಒಂದು ಸ್ಟೂಲು, ಅದು ಕುಂಟುತ್ತದೆ. ಒಂದು ಪುಸ್ತಕದ ಶೆಲ್ಫು, ಅದು ಬಿದ್ದುಹೋಯಿತು. ಇಷ್ಟು ಅನುಭವವಿದ್ದ ಮೇಲೆ ಆರು ಜನ ಕೂರುವ ಊಟದ ಟೇಬಲ್ಲಿಗೆ ಕೈ ಹಾಕದೆ ಇರಲು ಆಗುತ್ತದೆಯೆ?

ಕಾರಣವೂ ಇತ್ತು. ಹೈಸ್ಕೂಲು, ಪಿಯುಸಿ ಎಲ್ಲ ನಾನು ಓದಿದ್ದು ಜಂಗಮಕೋಟೆಯಲ್ಲಿ, ರೇಷ್ಮೆಹುಳು ಸಾಕುವ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು. ಐದು ವರ್ಷ ದೊಡ್ಡಮ್ಮ ಮುದ್ದೆ ತಿರುವಿ ನನ್ನನ್ನು ಸಾಕಿದ್ದಾರೆ. ಆ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತೇ ಊಟ ಮಾಡುವುದು. ಕಳೆದ ವರ್ಷ ದೊಡ್ಡಮ್ಮನ ಮಂಡಿ ಕೈಕೊಟ್ಟಿತು. ಚಿಂತಾಮಣಿಯ ಡಾಕ್ಟರು ಇನ್ನು ಮೇಲೆ ನೆಲದ ಮೇಲೆ ಕೂರಲೇಬಾರದು ಅಂದರು. ಸರಿ, ಅವರು ಅಂದಿನಿಂದ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಊಟ ಮಾಡತೊಡಗಿದರು. ಅದೂ ಎಂದಿನ ಹಾಗೆ ಎಲ್ಲರದ್ದೂ ಆದ ಮೇಲೆ, ತಣ್ಣಗಾಗಿ ಕಲ್ಲಾದ ಕೊನೆಯ ಮುದ್ದೆಯನ್ನು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬಾಡೂಟಕ್ಕೆ ನಾವೆಲ್ಲ ಅಲ್ಲಿ ಸೇರುತ್ತೇವಲ್ಲ, ಅಷ್ಟರೊಳಗೆ ಈ ಮನೆಗೆ ನನ್ನ ಕೈಯಾರೆ ಒಂದು ಟೇಬಲ್ಲು, ಆರು ಕುರ್ಚಿ ಮಾಡಿಕೊಡುತ್ತೇನೆ, ದೊಡ್ಡಮ್ಮ ಕೂತು ಊಟ ಮಾಡಬೇಕು ಎಂದು ಘೋಷಿಸಿಬಿಟ್ಟೆ.

ದೊಡ್ಡಮ್ಮ ಸೊಪ್ಪು ಸೋಸುತ್ತಾ ತಲೆಯೆತ್ತದೆ ಹೇಳಿದರು. "ಮಾಡಮ್ಮ. ಒಗೆದ ಬಟ್ಟೆ ಮಡಚಿಡಕ್ಕೆ ಒಂದು ಜಾಗ ಬೇಕಾಗಿತ್ತು."

ನೋಡಿದಿರಾ? ಟೇಬಲ್ಲು ಹುಟ್ಟುವ ಮೊದಲೇ ಅದರ ಭವಿಷ್ಯ ಬರೆದಾಗಿತ್ತು! ನನಗೆ ಹಟ ಬಂತು. ಅದರ ಮೇಲೆ ಬಟ್ಟೆ ಬೀಳಬಾರದು, ದೊಡ್ಡಮ್ಮನ ತಟ್ಟೆಯೇ ಬೀಳಬೇಕು.

ಒಂದು ಶನಿವಾರ ಗ್ರಾಫ್ ಕಾಗದದ ಮೇಲೆ ಚೆಂದದ ನಕ್ಷೆ ಬರೆದುಕೊಂಡು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಜಂಗಮಕೋಟೆಗೆ ಹೋದೆ. ಟೇಬಲ್ಲಿನ ಎತ್ತರ ಮೂವತ್ತು ಇಂಚು. ಲೋಕವೆಲ್ಲ ಒಪ್ಪಿದ ಅಳತೆ. ದೊಡ್ಡಪ್ಪ ಕಾಗದವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, ತಲೆಕೆಳಗು ಮಾಡಿಯೂ ನೋಡಿ, ಇದು ಚಪಾತಿ ತಿನ್ನೋರ ಅಳತೆ ಅಂದುಬಿಟ್ಟರು. ಮುದ್ದೆಯನ್ನು ಮುರಿಯಬೇಕು, ಉರುಳಿಸಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಇಷ್ಟಕ್ಕೂ ಮೊಣಕೈ ಕೆಳಗಿಳಿಯಬೇಕು. ಮೂವತ್ತು ಇಂಚಿನಲ್ಲಿ ಮುದ್ದೆ ತಿಂದರೆ ಭುಜ ಹಿಡಿದುಕೊಳ್ಳುತ್ತದಂತೆ!

ವಾದ ಮಾಡಿದೆ. ಮಾಡಬಾರದಿತ್ತು. ಆ ಮಧ್ಯಾಹ್ನವೇ ಪ್ರಯೋಗ ಶುರುವಾಯಿತು. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಪ್ರತಿ ಕುರ್ಚಿಯ ಮುಂದೆ ಹುಳುವಿನ ಸೊಪ್ಪು ತುಂಬುವ ಕ್ರೇಟು ಬೋರಲು ಹಾಕಿ, ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ತಟ್ಟೆ. ದೊಡ್ಡಪ್ಪ, ಅವರ ಮಗ ನಮ್ಮಣ್ಣ, ನಾನು, ಮೂವರೂ ಒಂದೊಂದು ತುತ್ತಿಗೆ ಒಂದೊಂದು ಇಟ್ಟಿಗೆ ತೆಗೆಯುತ್ತಾ, ಹಾಕುತ್ತಾ ಉಣ್ಣಬೇಕು. ದೊಡ್ಡಮ್ಮ ಬಡಿಸುತ್ತಾ ನಿಂತಿದ್ದರು. ಮೂರು ಮುದ್ದೆ ಒಳಗೆ ಹೋಗುವಷ್ಟರಲ್ಲಿ ಅಳತೆ ಹೊರಗೆ ಬಂತು: ಇಪ್ಪತ್ತೇಳು ಇಂಚು. ನಾನು ಎದ್ದು ನಿಲ್ಲಲಾರದೆ ಅಲ್ಲೇ ಗೋಡೆಗೆ ಒರಗಿದೆ. ನಕ್ಷೆ ಅಳಿಸುವ ಶಕ್ತಿಯೂ ಉಳಿದಿರಲಿಲ್ಲ.

ಮುಂದಿನ ಶನಿವಾರ ಟೇಬಲ್ಲಿನ ಕಾಲುಗಳ ಸರದಿ. ರೇಷ್ಮೆಹುಳು ಸಾಕುವ ಸ್ಟ್ಯಾಂಡುಗಳನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಇರುವೆ ಹತ್ತಬಾರದೆಂದು ಅವುಗಳ ಕಾಲನ್ನು ನೀರಿನ ಬಟ್ಟಲಿನಲ್ಲಿ ಇಟ್ಟಿರುತ್ತಾರೆ. ದೊಡ್ಡಪ್ಪ ಅಂಥ ನಾಲ್ಕು ಸಿಮೆಂಟು ಬಟ್ಟಲು ತೊಳೆದು ಒಣಗಿಸಿ ಸಾಲಾಗಿ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ಊಟದ ಟೇಬಲ್ಲಿಗೆ ಇದೆಲ್ಲ ಯಾರೂ ಹಾಕಲ್ಲ ದೊಡ್ಡಪ್ಪ ಅಂದೆ.

"ಹುಳ ತಿನ್ನೋ ಸೊಪ್ಪಿಗೆ ಇರುವೆ ಬರಬಾರ್ದು," ಅಂದರು. "ನೀನು ತಿನ್ನೋ ಊಟಕ್ಕೆ ಬರಬೋದಾ?"

ಏನು ಉತ್ತರ ಕೊಡುತ್ತೀರಿ? ಗಣಿತ ಓದಿದವಳು ನಾನು, ಹುಳುವೂ ಮನುಷ್ಯರೂ ಒಂದೇ ಲೆಕ್ಕವಲ್ಲ ಅನ್ನಲು ಹೊರಟೆ. ಬಾಯಿ ತೆರೆಯುವಷ್ಟರಲ್ಲಿ ಅವರು "ಅದಂತೇ" ಅಂದುಬಿಟ್ಟರು. ದೊಡ್ಡಪ್ಪ ಕನ್ನಡದಲ್ಲಿ ಮಾತಾಡುತ್ತಿರುವ ತನಕ ವಾದಕ್ಕೆ ಅವಕಾಶವಿರುತ್ತದೆ. ತೆಲುಗಿಗೆ ಹೊರಳಿ "ಅದಂತೇ" ಅಂದರೆ, ಅಷ್ಟೇ, ತೀರ್ಪು ಬಂತು, ಮೇಲ್ಮನವಿ ಇಲ್ಲ.

ಮರ ಮಾತ್ರ ಒಳ್ಳೆಯದು ಸಿಕ್ಕಿತ್ತು. ಎಂದೋ ಬಿದ್ದ ಹಲಸಿನ ಮರದ ಹಲಗೆಗಳು ಅವರ ಅಟ್ಟದ ಮೇಲೆ ಒಣಗಿಕೊಂಡಿದ್ದವು. ಶಿಡ್ಲಘಟ್ಟದ ಸಾಮಿಲ್ಲಿಗೆ ಒಯ್ದು ಸೀಳಿಸಿ ತಂದೆವು. ಒಳಗೆ ಹಳದಿ ಬಣ್ಣ, ಅರಿಶಿನದ ಬೊಟ್ಟು ಇಟ್ಟ ಹಾಗೆ. ಟೇಬಲ್ಲಿನ ಮೇಲ್ಭಾಗಕ್ಕೆ ನಾನು ಆರಿಸಿಕೊಂಡ ನಡುವಿನ ಹಲಗೆಯಲ್ಲಿ ಒಂದೇ ಒಂದು ಗಂಟಿರಲಿಲ್ಲ. ಅದನ್ನು ಉಜ್ಜಿ ಉಜ್ಜಿ ನನ್ನ ಬೆರಳಚ್ಚು ಸವೆದುಹೋಯಿತು. ಆ ಹಲಗೆಯ ವಿಷಯ ನೆನಪಿಟ್ಟುಕೊಳ್ಳಿ, ಅದಕ್ಕೂ ಒಂದು ಗತಿ ಬರುತ್ತದೆ.

ಯುಗಾದಿಗೆ ಎಂಟು ದಿನವಿತ್ತು. ಶಾಲೆಗೆ ರಜೆ ಹಾಕಿ ಬಂದಿದ್ದೆ. ಕುರ್ಚಿಗಳು ಮುಗಿದಿದ್ದವು. ಅಂಗಳದಲ್ಲಿ ಮೊದಲನೆಯ ಕುರ್ಚಿಗೆ ವಾರ್ನಿಷ್ ಹಚ್ಚಲು ಡಬ್ಬಿಯ ಮುಚ್ಚಳ ತೆಗೆದಿದ್ದೇನೆ ಅಷ್ಟೆ, ಹುಳುಮನೆಯಿಂದ ದೊಡ್ಡಪ್ಪ ಮೈಗೆ ಬೆಂಕಿ ಬಿದ್ದವರ ಹಾಗೆ ಓಡಿಬಂದರು. ತಪ್ಪು ನನ್ನದೇ. ಐದು ವರ್ಷ ಆ ಮನೆಯಲ್ಲಿದ್ದವಳು ಮರೆಯಬಾರದಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರ ಮುಗಿಸಿ ಎದ್ದ ಹುಳುವಿಗೆ ಪೌಡರಿನ ವಾಸನೆಯೂ ಆಗುವುದಿಲ್ಲ, ಊದುಕಡ್ಡಿಯ ವಾಸನೆಯೂ ಆಗುವುದಿಲ್ಲ. ನಾನು ನೋಡಿದರೆ ಗಾಳಿ ಬೀಸುವ ದಿಕ್ಕಿನಲ್ಲೇ ಕೂತು ವಾರ್ನಿಷ್ ತೆರೆದಿದ್ದೆ!

ಬಯ್ದರೆಂದುಕೊಂಡಿರಾ? ಇಲ್ಲ. ಡಬ್ಬಿ ಮುಚ್ಚಿ, ಸೀಮೆ ದಾಟಿಸುವವರ ಹಾಗೆ ಸೈಕಲ್ಲಿನ ಮೇಲೆ ಎಲ್ಲಿಗೋ ಒಯ್ದು ಬಿಟ್ಟುಬಂದರು. ಆಮೇಲೆ ಟೇಬಲ್ಲು, ಆರು ಕುರ್ಚಿ, ನಾನು, ನಮ್ಮ ಸಮಸ್ತ ಸಂಸಾರವೂ ಹಿತ್ತಿಲಿನ ಕೊಟ್ಟಿಗೆಗೆ ಗಡೀಪಾರು. ವಾರ್ನಿಷ್ ಬದಲು ಕೊಬ್ಬರಿ ಎಣ್ಣೆ ಹಚ್ಚಬೇಕೆಂದು ಅಪ್ಪಣೆಯಾಯಿತು. ಹಚ್ಚಿದೆ. ನನ್ನ ಕುರ್ಚಿಗಳು ತಲೆಸ್ನಾನಕ್ಕೆ ಹೊರಟ ಮಕ್ಕಳ ಹಾಗೆ ಮಿರಿಮಿರಿ ಮಿಂಚುತ್ತಾ ಕೂತವು. ಕೊಟ್ಟಿಗೆಯ ಹಸು ಮೆಲುಕು ಹಾಕುತ್ತಾ ನೋಡುತ್ತಿತ್ತು. ಇಡೀ ಕೆಲಸದಲ್ಲಿ ನನಗೆ ಸಲಹೆ ಕೊಡದೆ ಇದ್ದದ್ದು ಆ ಹಸು ಒಂದೇ.

ಯುಗಾದಿಗೆ ಎರಡು ದಿನವಿದೆ ಅನ್ನುವಾಗ ಹುಳು ಹಣ್ಣಾಯಿತು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ದಿನ ಮನೆಯಲ್ಲಿ ಕೈ ಇರುವವರೆಲ್ಲ ಹುಳುಮನೆಗೇ. ಟೇಬಲ್ಲಿನ ಕಾಲು ಕೂಡಿಸುವಾಗ ಹಿಡಿದುಕೊಳ್ಳುತ್ತೇನೆಂದಿದ್ದ ಅಣ್ಣನೂ ಹೋದ. ಸ್ಕ್ರೂಡ್ರೈವರ್ ಹಿಡಿದಿದ್ದ ನನ್ನನ್ನೂ ಎಳೆದುಕೊಂಡು ಹೋದರು. ಹಲಗೆಯ ಮೇಲೆ ಕೈಯಾಡಿಸಬೇಕಾದವಳು ಬೆಳಗಿನಿಂದ ಸಂಜೆಯವರೆಗೆ ಹುಳು ಆರಿಸಿದೆ. ಟೇಬಲ್ಲು ಕೊಟ್ಟಿಗೆಯಲ್ಲಿ ಕಾಲಿಲ್ಲದೆ ಮಲಗಿತ್ತು. ನಡುವೆ ಒಮ್ಮೆ ದೊಡ್ಡಮ್ಮ ಅದರ ಮೇಲೆ ಎರಡು ಟವೆಲ್ಲು ಒಣಹಾಕಿ ಹೋಗಿದ್ದನ್ನೂ ನೋಡಿದೆ. ಎರಡು ದಿನದಲ್ಲಿ ಇದು ನಿಲ್ಲದಿದ್ದರೆ, ಆ ಟವೆಲ್ಲುಗಳೇ ಇದರ ಯಜಮಾನರು ಎಂದು ಖಾತ್ರಿಯಾಯಿತು.

ಹೇಗೋ ಯುಗಾದಿಯ ದಿನ ಬೆಳಗ್ಗೆ ಕಾಲು ಕೂಡಿಸಿ, ಅಣ್ಣನೂ ನಾನೂ ಹೊತ್ತು ತಂದು ನಡುಮನೆಯಲ್ಲಿ ನಿಲ್ಲಿಸಿದೆವು. ಅಲುಗಾಡಲಿಲ್ಲ! ನಾಲ್ಕು ಬಟ್ಟಲೊಳಗೆ ನಾಲ್ಕು ಕಾಲಿಟ್ಟುಕೊಂಡು, ಬಿಸಿಲಿನಲ್ಲಿ ಬಂಗಾರದ ಹಾಗೆ ಹೊಳೆಯುತ್ತಾ ನಿಂತಿತು. ನನಗೆ ಕಣ್ಣಲ್ಲಿ ನೀರೇ ಬಂತು. ಆಗ ದೊಡ್ಡಪ್ಪ ಬೇವು ಬೆಲ್ಲ ಅಗಿಯುತ್ತಾ ಬಂದರು. ಒಂದು ಕೈಯಲ್ಲಿ ಬಾಡೂಟಕ್ಕೆ ಮಾತ್ರ ಅಟ್ಟದಿಂದ ಇಳಿಯುವ, ನೆಟ್ಟಗಿನ ಮೈಯ, ಅಗಲ ಅಂಚಿನ ದೊಡ್ಡ ಸಾರಿನ ತಪ್ಪಲೆ, ಇನ್ನೊಂದು ಕೈಯಲ್ಲಿ ಅದರ ಕಂಠದ ಸುತ್ತಳತೆ ತೆಗೆದ ದಾರ. ದಾರವನ್ನು ಟೇಬಲ್ಲಿನ ನಟ್ಟನಡುವೆ, ನನ್ನ ಗಂಟಿಲ್ಲದ ಹಲಗೆಯ ಮೇಲೆ, ದುಂಡಗೆ ಇಟ್ಟರು.

"ಇಲ್ಲೊಂದು ತೂತು ಹಾಕಮ್ಮ," ಅಂದರು.

ನಾನು ಬೇವೊಂದೇ ತಿಂದವಳ ಹಾಗೆ ನಿಂತೆ. ಯಾಕೆ ಎಂದು ಕೇಳಿದ್ದಕ್ಕೆ ಮೊದಲು ತಪ್ಪಲೆ ಉರುಳುವುದಿಲ್ಲ ಅಂದರು. ಇಷ್ಟು ದಪ್ಪದ ತಪ್ಪಲೆ ಆನೆ ಒದ್ದರೂ ಉರುಳುವುದಿಲ್ಲ ಅಂದೆ. ಆಮೇಲೆ ಗಾಳಿ ಆಡಬೇಕು ಅಂದರು. ಸಾರಿಗೆ ಯಾಕೆ ಗಾಳಿ? ಅದಕ್ಕೆ ಅವರು ದಾರವನ್ನು ಇನ್ನಷ್ಟು ದುಂಡಗೆ ಸರಿಪಡಿಸಿದರು. ಬೇಕಾದರೆ ಅಡುಗೆಮನೆಯ ಕಟ್ಟೆಗೆ ತೂತು ಹಾಕಿಕೊಡುತ್ತೇನೆ, ಇದನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ. ದೊಡ್ಡಮ್ಮ ಒಬ್ಬಟ್ಟಿನ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದರು. "ಕೆಳಗೆ ಬಟ್ಟಲು, ಮೇಲೆ ತೂತು. ಅಭಿಷೇಕ ಮಾಡಕ್ಕಾ?" ಎಂದು ಕೇಳಿ ಒಳಗೆ ಹೋದರು.

ದೊಡ್ಡಮ್ಮ ಹೋದ ಕಡೆ ದೊಡ್ಡಪ್ಪ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅದಂತೇ."

ಕೊರೆದೆ. ಹಲ್ಲು ಕಚ್ಚಿಕೊಂಡು ಕೊರೆದೆ. ಸಿಟ್ಟಿನಲ್ಲಿ ಗರಗಸ ಗೆರೆ ತಪ್ಪಿ ದುಂಡಗೆ ಬರಬೇಕಾದ ತೂತು ಸ್ವಲ್ಪ ಉದ್ದಕ್ಕೆ ಬಂತು, ಥೇಟ್ ರೇಷ್ಮೆಗೂಡಿನ ಆಕಾರ. ದೊಡ್ಡಪ್ಪನಿಗೆ ಎಷ್ಟು ಖುಷಿ! ಊರಿನಲ್ಲಿ ಸಿಕ್ಕಸಿಕ್ಕವರನ್ನು ಕರೆದು ತಂದು, ನಮ್ಮ ಹುಡುಗಿ ಗೂಡಿನ ಡಿಸೈನು ಹಾಕಿದ್ದಾಳೆ ಎಂದು ತೋರಿಸಿದರು. ನಾಲ್ಕು ತಿಂಗಳು ನಾನು ಬರೆದ ಯಾವ ನಕ್ಷೆಗೂ ಸಿಗದ ಹೊಗಳಿಕೆ ನನ್ನ ಕೈತಪ್ಪಿಗೆ ಸಿಕ್ಕಿತು.

ವರ್ಷತೊಡಕು ಬಂತು. ಚಿಂತಾಮಣಿಯಿಂದ ಅಪ್ಪ, ಅಮ್ಮ ಬಂದರು. ಅಪ್ಪ ಗಂಭೀರವಾಗಿ ಬಂದು, ಕುರ್ಚಿ ಎಳೆದು, ಕೂತು, ಬಲಗಾಲನ್ನು ನೇರವಾಗಿ ನೀರಿನ ಬಟ್ಟಲಿನಲ್ಲಿ ಇಟ್ಟರು. ಉದ್ಘಾಟನೆ ಆಯಿತು. ತಪ್ಪಲೆ ತೂತಿನೊಳಗೆ ಕಂಠದವರೆಗೆ ಇಳಿದು ಕೂತಿತು. ಪಕ್ಕದಲ್ಲಿ ಹಬೆಯಾಡುವ ಮುದ್ದೆಗಳ ಬುಟ್ಟಿ. ಐದು ಕುರ್ಚಿಯ ಮುಂದೆ ಐದು ತಟ್ಟೆ ಬಂದವು. ಆರನೆಯದು ಬರಲಿಲ್ಲ. ದೊಡ್ಡಮ್ಮ ಎಂದಿನ ಹಾಗೆ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

ಕೂತ್ಕೊಳ್ಳಿ ದೊಡ್ಡಮ್ಮ ಅಂದೆ. ನೀವು ಮೊದಲು ತಿನ್ನಿ, ಬಡಿಸೋರು ಬೇಡವಾ, ಆಮೇಲೆ ತಿಂತೀನಿ ಅಂದರು. ಅಮ್ಮ ಹೇಳಿದರು, ಅಣ್ಣ ಹೇಳಿದ. ಅದೇ ಉತ್ತರ. ನಾಲ್ಕು ತಿಂಗಳ ಕೆಲಸ ನನ್ನ ಕಣ್ಣೆದುರೇ ಬಟ್ಟೆ ಮಡಚುವ ಮಣೆಯಾಗುತ್ತಿತ್ತು.

ದೊಡ್ಡಪ್ಪ ಎದ್ದರು. ದೊಡ್ಡಮ್ಮನ ಕೈಯಿಂದ ಸೌಟು ತೆಗೆದುಕೊಂಡು ಬಂದು ತಪ್ಪಲೆಯೊಳಗೆ ಬಿಟ್ಟರು. ತಮ್ಮ ಜಾಗದಲ್ಲಿ ಕೂತರು. ಕೂತಲ್ಲಿಂದಲೇ ಕೈ ಚಾಚಿ ಒಂದು ಸೌಟು ಸಾರು ಬಡಿಸಿಕೊಂಡರು. ನನ್ನ ಕಡೆ ನೋಡಿದರು. ನಾನೂ ಕೂತೇ ಕೈ ಚಾಚಿದೆ. ಸಿಕ್ಕಿತು. ಅಪ್ಪನಿಗೂ ಸಿಕ್ಕಿತು. ಟೇಬಲ್ಲಿನ ಮೇಲೆ ಇಟ್ಟಿದ್ದರೆ ಆ ಎತ್ತರದ ತಪ್ಪಲೆಯಿಂದ ಬಡಿಸಲು ಒಬ್ಬರು ನಿಲ್ಲಲೇಬೇಕಿತ್ತು. ಅದು ಕಂಠದವರೆಗೆ ಇಳಿದಿತ್ತು.

"ಯಾರೂ ನಿಂತ್ಕೊಳ್ಳೋ ಕೆಲ್ಸ ಇಲ್ಲ ಅಂತಾನೇ ತೂತು ಹಾಕ್ಸಿದ್ದು," ಅಂದರು ದೊಡ್ಡಪ್ಪ, ತಟ್ಟೆ ನೋಡಿಕೊಂಡೇ. "ನಲವತ್ತು ವರ್ಷ ಹುಳಕ್ಕೆ ಸೊಪ್ಪು ಹಾಕಿದೀನಿ. ಎಲ್ಲಾ ಒಟ್ಟಿಗೆ ತಿಂತವೆ. ಒಂದು ಹುಳ ನಿಂತು ಬಡಿಸಿದ್ದು ನಾನು ನೋಡಿಲ್ಲ. ಬಾ, ಕೂತ್ಕೊ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಏನೋ ಹೇಳಲು ಹೊರಟರು.

"ಅದಂತೇ," ಅಂದರು ದೊಡ್ಡಪ್ಪ, ಮೆಲ್ಲಗೆ.

ದೊಡ್ಡಮ್ಮ ಬಂದು ಕೂತರು. ಆಗ ನಾನು ನೋಡಿದೆ, ಅವರ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮನೆಮಂದಿಯನ್ನೆಲ್ಲ ಇಟ್ಟಿಗೆಯ ಮುಂದೆ ಕೂರಿಸಿ ಅಳೆದಿದ್ದೆವು. ಯಾರಿಗಾಗಿ ಟೇಬಲ್ಲು ಮಾಡಿದೆನೋ ಅವರನ್ನು ಅಳೆದಿರಲಿಲ್ಲ. ಅಂದು ಅವರು ಬಡಿಸುತ್ತಾ ನಿಂತಿದ್ದರು. ನಾನು ತಲೆ ತಗ್ಗಿಸಿದೆ. ದೊಡ್ಡಪ್ಪ ಎಂಜಲು ಕೈಯಲ್ಲೇ ಹಿತ್ತಿಲಿಗೆ ಹೋಗಿ, ಎಡಗೈಯಲ್ಲಿ ಒಂದೊಂದಾಗಿ ಎರಡು ಇಟ್ಟಿಗೆ ತಂದು ದೊಡ್ಡಮ್ಮನ ಪಾದದ ಕೆಳಗೆ ಸರಿಸಿದರು.

ಅಣ್ಣ ಆರನೆಯ ತಟ್ಟೆ ತಂದಿಟ್ಟ. ದೊಡ್ಡಮ್ಮ ಬುಟ್ಟಿಯಿಂದ ಒಂದು ಮುದ್ದೆ ತೆಗೆದುಕೊಂಡು ಮುರಿದವರು, ತಟ್ಟನೆ ಕೈ ಹಿಂದಕ್ಕೆ ತೆಗೆದು ಬೆರಳು ಊದಿಕೊಂಡರು. ನಲವತ್ತು ವರ್ಷ ಒಲೆಯ ಮುಂದೆ ಮುದ್ದೆ ತಿರುವಿ ಕಟ್ಟಿದ ಕೈ ಅದು, ತಿನ್ನಲು ಅದಕ್ಕೆ ಸಿಕ್ಕಿದ್ದು ಮಾತ್ರ ಯಾವಾಗಲೂ ತಣ್ಣಗಿನದು.

"ಬಿಸಿ ಐತೆ," ಅಂದರು, ಯಾರಿಗೂ ಅಲ್ಲದೆ.